ಶಿವಮೊಗ್ಗ ಅನ್ನೋ ಪದಕ್ಕೆ ಎಷ್ಟು ಅಕ್ಷರ? ಪದಗಳ ಉದ್ದ ಎಣಿಸುವ ಪ್ರೋಗ್ರಾಂ ಬರೆಯುತ್ತಿದ್ದೇನೆ, ಸಹಾಯ ಬೇಕು

ಮಲೆನಾಡ ಟೀಚರ್

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಆಡುತ್ತ ಕಲಿಯುವ ನಲಿಕಲಿ ಪದ್ಧತಿಯ ಮಕ್ಕಳಿಗೆ ಪಾಠ ಹೇಳುತ್ತೇನೆ. ಓದುವುದಕ್ಕೆ ಸಣ್ಣ ಸಣ್ಣ ಕಾರ್ಡುಗಳನ್ನು ನಾನೇ ಬರೆದು ಕೊಡುವುದು ರೂಢಿ. ಕೊಟ್ಟಿಗೆ, ಅಡಿಕೆ ಚಪ್ಪರ, ಕಂಬಳಿಕೊಪ್ಪೆ, ಹೊಳೆ ದಾಟುವ ಸಂಕ, ಹೀಗೆ ಮಕ್ಕಳು ದಿನಾ ನೋಡುವ ಸಂಗತಿಗಳೇ ಇರುತ್ತವೆ. ಕಾರ್ಡುಗಳು ಈಗ ಒಂದು ಡಬ್ಬಿ ತುಂಬ ಆಗಿವೆ. ಯಾವುದನ್ನು ಮೊದಲು ಕೊಡಬೇಕು, ಯಾವುದು ಆಮೇಲೆ ಅನ್ನುವುದನ್ನು ಇಷ್ಟು ದಿನ ಅಂದಾಜಿನ ಮೇಲೆ ಮಾಡುತ್ತಿದ್ದೆ. ಉದ್ದ ಪದಗಳು ಬಂದರೆ ಮಕ್ಕಳು ತಡವರಿಸುತ್ತವೆ ಅನ್ನುವುದು ನನ್ನ ಅನುಭವ. ಹಾಗಾಗಿ ಪ್ರತಿ ಕಾರ್ಡಿನ ಪದಗಳ ಉದ್ದ ಎಣಿಸಿ ಕಾರ್ಡುಗಳನ್ನು ಸಾಲಾಗಿ ಜೋಡಿಸೋಣ ಅಂತ ಹೊರಟೆ.

ಬೇಸಿಗೆ ರಜೆಯಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಕಲಿತಿದ್ದೆ. ಇಂಗ್ಲಿಷ್ ಪಾಠವೊಂದನ್ನು ನೋಡಿಕೊಂಡು ಬರೆದೆ: ಫೈಲು ತೆರೆ, ಸ್ಪ್ಲಿಟ್ ಹಾಕಿ ಪದ ಬಿಡಿಸು, ಪ್ರತಿ ಪದಕ್ಕೆ ಉದ್ದ ಹೇಳುವ ಲೆನ್ ಹಾಕು, ಎಷ್ಟು ಉದ್ದದ ಪದ ಎಷ್ಟು ಸಲ ಬಂತು ಅಂತ ಕೌಂಟರ್‌ನಲ್ಲಿ ಕೂಡಿಸು. ಏಳೆಂಟು ಸಾಲಿನ ಪ್ರೋಗ್ರಾಂ. ಓಡಿತು, ಎಲ್ಲೂ ತಪ್ಪು ತೋರಿಸಲಿಲ್ಲ. ಆದರೆ ಶಿವಮೊಗ್ಗ ಅನ್ನುವ ಪದದ ಉದ್ದ 8 ಅಂತು! ನಮ್ಮ ಮಕ್ಕಳು ಬೆರಳು ಮಡಿಚಿ ಎಣಿಸಿದರೆ ಶಿ, ವ, ಮೊ, ಗ್ಗ, ನಾಲ್ಕೇ. ತೀರ್ಥಹಳ್ಳಿಗೆ 10 ಬಂತು, ಶಿಕಾರಿಪುರಕ್ಕೆ 9. ಮಕ್ಕಳ ಲೆಕ್ಕದಲ್ಲಿ ತೀರ್ಥಹಳ್ಳಿ ನಾಲ್ಕು, ಶಿಕಾರಿಪುರ ಐದು. ಯಾವುದು ಉದ್ದ, ಯಾವುದು ಗಿಡ್ಡ ಅನ್ನುವುದೇ ತಿರುಗಿಬಿತ್ತು. ಸಂಖ್ಯೆ ದೊಡ್ಡದಾಗಿ ಬಂದಿದ್ದರೆ ಹೋಗಲಿ ಅನ್ನಬಹುದಿತ್ತು, ಕ್ರಮವೇ ತಪ್ಪಿದರೆ ನನ್ನ ಕೆಲಸಕ್ಕೆ ಬರುವುದಿಲ್ಲ. ಎಲ್ಲಿ ಎಡವಿದ್ದೇನೆ, ತಿಳಿದವರು ಹೇಳಿ.

ತುಂಗಾದಂಡೆ

ಅಕ್ಕೋರೇ, ನೀವು ಎಡವಿಲ್ಲ. ಲೆನ್ ಎಣಿಸುವುದು ಅಕ್ಷರವನ್ನಲ್ಲ, ಯೂನಿಕೋಡಿನ ಸಂಕೇತಗಳನ್ನು. ಯೂನಿಕೋಡ್ ಅಂದರೆ ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದು ಸಂಕೇತ, ಹಾಗಾಗಿ ಅಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕನ್ನಡದಲ್ಲಿ ಕಾಗುಣಿತದ ಚಿಹ್ನೆ ಬೇರೆ ಸಂಕೇತ, ವ್ಯಂಜನಕ್ಕೆ ಸ್ವರ ಇಲ್ಲ ಅನ್ನುವ ಹಲಂತ ಬೇರೆ ಸಂಕೇತ. ಶಿವಮೊಗ್ಗ ಕಂಪ್ಯೂಟರಿನೊಳಗೆ ಹೀಗೆ ಕೂತಿರುತ್ತದೆ: ಶ, ಗುಡಿಸು, ವ, ಮ, ಒತ್ವ, ಗ, ಹಲಂತ, ಗ. ಎಣಿಸಿ ನೋಡಿ, ಎಂಟು.

ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟ ಜಾಗ, ದಶಮಾನದಲ್ಲಿ ಹೇಳುವುದಾದರೆ, 3200ರಿಂದ 3327ರವರೆಗೆ. ಅದರಲ್ಲಿ ಅ ಇಂದ ಔ ವರೆಗಿನ ಸ್ವರಗಳು 3205ರಿಂದ 3220. ಕ ಇಂದ ಹ ವರೆಗೆ 3221ರಿಂದ 3257. ತಲೆಕಟ್ಟು ಬಿಟ್ಟು ಉಳಿದ ಕಾಗುಣಿತ ಚಿಹ್ನೆಗಳು 3262ರಿಂದ 3276. ಹಲಂತ 3277. ಅನುಸ್ವಾರ 3202, ವಿಸರ್ಗ 3203. ಪೈಥಾನಿನಲ್ಲಿ ಆರ್ಡ್ ಅನ್ನುವ ಫಂಕ್ಷನ್ ಇದೆ, ಒಂದೊಂದು ಚಿಹ್ನೆಯನ್ನೂ ಅದಕ್ಕೆ ಕೊಟ್ಟು ಸಂಖ್ಯೆ ಮುದ್ರಿಸಿ. ನಿಮ್ಮ ಕಣ್ಣೆದುರೇ ಪದ ಬಿಚ್ಚಿಕೊಳ್ಳುತ್ತದೆ. ಇದನ್ನು ಒಂದು ಸಲ ಮಾಡಿ ನೋಡದೆ ಮುಂದೆ ಹೋಗಬೇಡಿ, ಯಾಕೆಂದರೆ ಮುಂದೆ ಬರುವ ತೊಂದರೆಗಳೆಲ್ಲ ಇಲ್ಲಿಂದಲೇ ಅರ್ಥವಾಗುವುದು.

ಇನ್ನೂ ಒಂದು ಲೆಕ್ಕ ಇದೆ. ಫೈಲನ್ನು ಯುಟಿಎಫ್-8 ಅನ್ನುವ ರೀತಿಯಲ್ಲಿ ಉಳಿಸಿದಾಗ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಶಿವಮೊಗ್ಗಕ್ಕೆ 24 ಬೈಟು. ಕೆಲವು ಹಳೆಯ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಉದ್ದ ಕೇಳಿದರೆ ಈ 24ನ್ನೇ ಹೇಳುತ್ತವೆ. ಅಂದರೆ ಒಂದೇ ಪದಕ್ಕೆ 24, 8, 4 ಅಂತ ಮೂರು ಉತ್ತರ. ಮೂರೂ ಸರಿಯೇ. ನಿಮಗೆ ಬೇಕಾದ್ದು ನಾಲ್ಕು, ಅದನ್ನು ಎಣಿಸುವ ನಿಯಮವನ್ನು ನಾವೇ ಬರೆಯಬೇಕು. ಇಲ್ಲಿ ಮಳೆ ಜೋರಿದೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ರಾತ್ರಿ ಕೂತು ಬರೆದು ಹಾಕುತ್ತೇನೆ.

ಐದನೇ ಸೆಮ್

ಟೀಚರ್, ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಇದೇ ತರಹದ್ದೊಂದು ಮಿನಿ ಪ್ರಾಜೆಕ್ಟ್ ಮಾಡುವಾಗ ಎರಡು ದಿನ ಹಾಳಾದ ಜಾಗವನ್ನು ಹೇಳಿಬಿಡುತ್ತೇನೆ, ನೀವು ಅಲ್ಲಿ ಬೀಳಬೇಡಿ.

ಪೂರ್ಣವಿರಾಮ, ಅಲ್ಪವಿರಾಮ ಎಲ್ಲ ಪದಕ್ಕೆ ಅಂಟಿಕೊಂಡು ಬರುತ್ತವಲ್ಲ, ಅದನ್ನು ತೆಗೆಯೋಕೆ ಎಲ್ಲರೂ ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ ಬಳಸಿ ಅಂತಾರೆ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್ ಅಂತ ಕೊಟ್ಟರೆ ಪದಗಳು ಮಾತ್ರ ಸಿಗುತ್ತವೆ ಅಂತ. ಪೈಥಾನ್ ಜೊತೆಗೇ ಬರುವ ಆರ್‌ಇ ಮಾಡ್ಯೂಲ್‌ನಲ್ಲಿ ಅದಕ್ಕೆ ಕಾಗುಣಿತದ ಚಿಹ್ನೆ, ಹಲಂತ ಇವೆಲ್ಲ ಅಕ್ಷರ ಅಂತ ಗೊತ್ತೇ ಇಲ್ಲ. ಚಿಹ್ನೆ ಬಂದ ಕಡೆಯೆಲ್ಲ ಪದವನ್ನು ಕತ್ತರಿಸಿಬಿಡುತ್ತದೆ. ಶಿವಮೊಗ್ಗ ಕೊಟ್ಟರೆ ಶ, ವಮ, ಗ, ಗ ಅಂತ ನಾಲ್ಕು ತುಂಡು ಬರುತ್ತದೆ. ನನ್ನ ಪ್ರೋಗ್ರಾಂ ಕನ್ನಡದಲ್ಲಿ ಒಂದಕ್ಷರದ ಪದಗಳೇ ಜಾಸ್ತಿ ಅಂತ ಹೇಳಿತ್ತು! ನಾನು ಅದನ್ನೇ ನಂಬಿ ಗ್ರಾಫ್ ಕೂಡ ಹಾಕಿದ್ದೆ. ಇಸ್‌ಆಲ್ಫಾ ಅಂತ ಪರೀಕ್ಷೆ ಹಾಕಿದರೂ ಇದೇ ಕಥೆ, ಶಿ ಅನ್ನುವುದು ಅಕ್ಷರ ಅಲ್ಲ ಅನ್ನುತ್ತದೆ.

ಸುಮ್ಮನೆ ಸ್ಪ್ಲಿಟ್ ಮಾಡಿ, ಆಮೇಲೆ ಪದದ ಎರಡು ತುದಿಯಲ್ಲಿರುವ ವಿರಾಮ ಚಿಹ್ನೆಗಳನ್ನು ಸ್ಟ್ರಿಪ್‌ನಿಂದ ತೆಗೆಯುವುದೇ ಒಳ್ಳೇದು. ಗ್ರಾಫೀಮ್, ಅಂದರೆ ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ, ಎಣಿಸುವ ಲೈಬ್ರರಿಗಳೂ ಇವೆ. ಅವು ಗುಣಿತಾಕ್ಷರವನ್ನು ಸರಿಯಾಗಿ ಒಂದು ಅಂತ ಎಣಿಸುತ್ತವೆ, ಆದರೆ ಒತ್ತಕ್ಷರವನ್ನು ಗ್ ಮತ್ತು ಗ ಅಂತ ಬಿಡಿಸುತ್ತವೆ. ಅದರಲ್ಲಿ ಶಿವಮೊಗ್ಗಕ್ಕೆ 5 ಬರುತ್ತದೆ.

ಮೊಳೆಜೋಡಣೆ

ಶಿವಮೊಗ್ಗದಲ್ಲಿ ಸಣ್ಣ ಪ್ರೆಸ್ಸು ನಡೆಸುವವನು ನಾನು. ಪ್ರೋಗ್ರಾಂ ಬರೆಯಲು ಬಾರದು, ಆದರೆ ಕನ್ನಡ ಫೈಲುಗಳ ಜೊತೆ ಬಹಳ ವರ್ಷ ಕಳೆದಿದ್ದೇನೆ. ಎಣಿಸುವ ಮೊದಲು ಫೈಲು ಎಂಥದ್ದು ಅಂತ ನೋಡಿ, ಟೀಚರೇ.

ನಿಮ್ಮ ಹಳೆಯ ಕಾರ್ಡುಗಳು ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳಲ್ಲಿ ಹಳೆಯ ಫಾಂಟಿನಲ್ಲಿ ಟೈಪಾಗಿದ್ದರೆ ಅದು ಯೂನಿಕೋಡ್ ಅಲ್ಲ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿತ್ರವಿಚಿತ್ರ ಚಿಹ್ನೆಗಳು. ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದರೆ ಗೊತ್ತಾಗುತ್ತದೆ. ಅದನ್ನು ಎಣಿಸಿದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ, ತಂದ ಮೇಲೆ ಕಣ್ಣಾಡಿಸಿ. ಅರ್ಕಾವತ್ತು ಇರುವ ಪದಗಳನ್ನು ವಿಶೇಷವಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಹೊಡೆಯುತ್ತಿದ್ದೆವು, ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಅಲ್ಲಲ್ಲಿ ಜಾಗ ಬದಲಾಗಿರುತ್ತದೆ.

ಇನ್ನೊಂದು, ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿಬಿಡುವವರು ಬಹಳ. ಕಣ್ಣಿಗೆ ಎರಡೂ ಒಂದೇ. ಒಂದು ಅನ್ನುವ ಪದದಲ್ಲಿ ಸೊನ್ನೆ ಅಂಕಿ ಕೂತಿದ್ದರೆ ಓದುವವನಿಗೆ ತಿಳಿಯುವುದೇ ಇಲ್ಲ, ಯಂತ್ರಕ್ಕೆ ಅದು ಬೇರೆಯೇ ಪದ. ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್‌ನಿಂದ ತೆಗೆದ ಪಠ್ಯದಲ್ಲಿ ಇದರ ಜೊತೆಗೆ ಮ ಮತ್ತು ವು ಅದಲುಬದಲಾಗಿರುತ್ತವೆ. ಇನ್ನು ಪಿಡಿಎಫ್‌ನಿಂದ ಕಾಪಿ ಮಾಡಿದರೆ ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಮುರಿದ ಪದಗಳು ಎರಡು ಪದ ಆಗಿಬಿಡುತ್ತವೆ. ಉದ್ದ ಪದಗಳೇ ಸಾಲಿನ ಕೊನೆಯಲ್ಲಿ ಮುರಿಯುವುದು ಹೆಚ್ಚು. ಹಾಗಾಗಿ ನೀವು ಹುಡುಕುತ್ತಿರುವ ಪದಗಳೇ ಮಾಯವಾಗುತ್ತವೆ, ಇದನ್ನು ಗಮನಿಸಿ.

ನಮ್ಮ ತಂದೆ ಸೀಸದ ಮೊಳೆ ಜೋಡಿಸುತ್ತಿದ್ದವರು. ಅವರಿಗೆ ಗ್ಗ ಅಂದರೆ ಗ ಒಂದು ಮೊಳೆ, ಅದರ ಒತ್ತು ಇನ್ನೊಂದು ಮೊಳೆ. ಅವರ ಲೆಕ್ಕದಲ್ಲಿ ಒತ್ತಕ್ಷರ ಯಾವಾಗಲೂ ಎರಡು ಸಲದ ಕೈಚಾಚು. ಯಂತ್ರ ಎಂಟು ಅಂದದ್ದು ಕೇಳಿ ಅದೇ ನೆನಪಾಯಿತು.

ಮಲೆನಾಡ ಟೀಚರ್

ಎಲ್ಲರಿಗೂ ಧನ್ಯವಾದ. ಆರ್ಡ್ ಹಾಕಿ ನೋಡಿದೆ, ಅದರ ಮುಂದೆಯೇ ಒಂದು ಗಂಟೆ ಕೂತಿದ್ದೆ. ಮೊಳೆಜೋಡಣೆಯವರು ಹೇಳಿದ್ದು ನಿಜ, ನನ್ನ ಆರು ಕಾರ್ಡುಗಳಲ್ಲಿ ಅನುಸ್ವಾರದ ಜಾಗದಲ್ಲಿ 3302 ಸಿಕ್ಕಿತು, ಅದು ಸೊನ್ನೆ ಅಂಕಿ. ನಾನೇ ಟೈಪು ಮಾಡಿದ್ದು. ಎಲ್ಲ ಸರಿಮಾಡಿದೆ.

ತುಂಗಾದಂಡೆ

ನಿನ್ನೆ ರಾತ್ರಿ ಕರೆಂಟು ಬರಲೇ ಇಲ್ಲ, ತಡವಾಯಿತು, ಕ್ಷಮಿಸಿ. ನಿಯಮ ಇದು. ಕನ್ನಡದಲ್ಲೇ ಬರೆದಿದ್ದೇನೆ, ಪೈಥಾನಿಗೆ ತಿರುಗಿಸುವುದು ನಿಮಗೆ ಕಷ್ಟವಾಗಲಿಕ್ಕಿಲ್ಲ. ಅಂದ ಹಾಗೆ ಪೈಥಾನ್ 3ರಲ್ಲಿ ವೇರಿಯಬಲ್ಲಿಗೆ ಕನ್ನಡದ ಹೆಸರನ್ನೇ ಇಡಬಹುದು. ಪದ, ಎಣಿಕೆ, ಒತ್ತು ಅಂತಲೇ ಬರೆಯಿರಿ, ಆರು ತಿಂಗಳಾದ ಮೇಲೆ ತೆರೆದು ನೋಡಿದರೂ ಅರ್ಥವಾಗುತ್ತದೆ.

ಎಣಿಕೆ = 0, ಒತ್ತು = 0, ಅಂಟು = ಇಲ್ಲ
ಪದದಲ್ಲಿರುವ ಒಂದೊಂದು ಚಿಹ್ನೆಯನ್ನೂ ತೆಗೆದುಕೋ:
— 3205ರಿಂದ 3220ರೊಳಗೆ ಇದ್ದರೆ (ಸ್ವರ): ಎಣಿಕೆಗೆ 1 ಕೂಡಿಸು; ಅಂಟು = ಇಲ್ಲ
— 3221ರಿಂದ 3257ರೊಳಗೆ ಇದ್ದರೆ (ವ್ಯಂಜನ): ಅಂಟು ಇದ್ದರೆ ಒತ್ತಿಗೆ 1 ಕೂಡಿಸು, ಇಲ್ಲದಿದ್ದರೆ ಎಣಿಕೆಗೆ 1 ಕೂಡಿಸು; ಆಮೇಲೆ ಅಂಟು = ಇಲ್ಲ
— 3277 ಆದರೆ (ಹಲಂತ): ಅಂಟು = ಇದೆ
— 8204 ಆದರೆ: ಅಂಟು = ಇಲ್ಲ
— ಬೇರೆ ಏನಾದರೂ: ಬಿಟ್ಟು ಮುಂದೆ ಹೋಗು

ತೀರ್ಥಹಳ್ಳಿಯನ್ನು ಇದರಲ್ಲಿ ನಡೆಸಿ ನೋಡಿ. ತ ಬಂತು, 1. ದೀರ್ಘದ ಗುಡಿಸನ್ನು ಬಿಟ್ಟೆವು. ರ ಬಂತು, 2. ಹಲಂತ ಬಂತು, ಅಂಟು ಇದೆ. ಥ ಬಂತು, ಅಂಟು ಇರುವುದರಿಂದ ಅದು ರ ಜೊತೆಗೇ ಸೇರಿತು. ಹ 3, ಳ 4, ಹಲಂತ, ಇನ್ನೊಂದು ಳ ಸೇರಿತು. ಒಟ್ಟು 4 ಅಕ್ಷರ, 2 ಒತ್ತು.

ಆ 8204 ಏನು ಅಂತ ಕೇಳುತ್ತೀರಿ. ರಾಜ್‌ಕುಮಾರ್ ಅಂತ ಬರೆಯುವಾಗ ಜ ಕೆಳಗೆ ಕ ಒತ್ತಾಗಿ ಹೋಗಬಾರದು ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವೆ. ಅದು 8204, ಕೂಡಬೇಡ ಅನ್ನುವ ಸೂಚನೆ. ಅದರ ಪಕ್ಕದ 8205 ರ‍್ಯಾಂಕ್ ಥರದ ಪದಗಳಲ್ಲಿ ಬರುತ್ತದೆ, ಅದನ್ನು ಬಿಟ್ಟು ಮುಂದೆ ಹೋದರೆ ಸಾಕು, ಲೆಕ್ಕ ಸರಿಯಾಗಿಯೇ ಬರುತ್ತದೆ.

ಎರಡು ಎಚ್ಚರಿಕೆ. ಫೈಲು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ವಿಂಡೋಸಿನಲ್ಲಿ ಹೇಳದಿದ್ದರೆ ಬೇರೆ ಎನ್‌ಕೋಡಿಂಗ್ ಅಂದುಕೊಂಡು ಕನ್ನಡವನ್ನು ಕೆಡಿಸುವುದುಂಟು. ಮತ್ತೆ, ಎಣಿಸುವ ಮೊದಲು ಎನ್‌ಎಫ್‌ಸಿ ಅನ್ನುವ ರೂಪಕ್ಕೆ ತನ್ನಿ. ಮೊ ಅನ್ನುವುದನ್ನು ಮ ಮತ್ತು ಒತ್ವ ಅಂತ ಎರಡು ಸಂಕೇತದಲ್ಲೂ ಬರೆಯಬಹುದು, ಮ, ಎತ್ವ, ದೀರ್ಘ ಊತ್ವ ಅಂತ ಮೂರು ಸಂಕೇತದಲ್ಲೂ ಬರೆಯಬಹುದು. ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಅಕ್ಷರದ ಎಣಿಕೆ ಇದರಿಂದ ಕೆಡುವುದಿಲ್ಲ, ಆದರೆ ಯಾವ ಪದ ಎಷ್ಟು ಸಲ ಬಂತು ಅಂತ ಕೂಡಿಸಲು ಹೊರಟಾಗ ಒಂದೇ ಪದ ಎರಡು ಕಡೆ ಹಂಚಿಹೋಗುತ್ತದೆ.

ಹಳಗನ್ನಡ ಮೇಷ್ಟ್ರು

ನಾನು ಸಾಗರದಲ್ಲಿರುವ ನಿವೃತ್ತ ಕನ್ನಡ ಉಪನ್ಯಾಸಕ. ಮೊಮ್ಮಗನ ಕೈಯಲ್ಲಿ ಈ ನಿಯಮವನ್ನು ಹಾಕಿಸಿ ನೋಡಿದೆ. ಬಹಳ ಸಂತೋಷವಾಯಿತು. ಆದರೆ ಎರಡು ಮಾತು.

ಮೊದಲನೆಯದು ನನ್ನಂಥವರಿಗೆ ಮಾತ್ರ ಸಂಬಂಧಪಟ್ಟದ್ದು. ಹಳಗನ್ನಡದ ಏೞು ಅನ್ನುವ ಪದ ಕೊಟ್ಟರೆ ಅಕ್ಷರ ಒಂದೇ ಅಂತ ಬಂತು. ಆಱು ಸರಿಯಾಗಿ ಎರಡು ಅಂತು. ಹುಡುಗ ಹುಡುಕಿ ಹೇಳಿದ: ಱ ಮಿಕ್ಕ ವ್ಯಂಜನಗಳ ನಡುವೆಯೇ ಇದೆ, ೞ ಮಾತ್ರ 3294ರಲ್ಲಿ ದೂರ ಕೂತಿದೆ. ಅದಕ್ಕೆ ಯೂನಿಕೋಡಿನಲ್ಲಿ ಇಟ್ಟಿರುವ ಇಂಗ್ಲಿಷ್ ಹೆಸರೂ ತಪ್ಪು, ಫ ಎಂದು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮವಂತೆ. ಇಂಥ ಅಕ್ಷರದ ಹೆಸರು ತಪ್ಪಾಗಿ ಶಾಶ್ವತವಾಯಿತಲ್ಲ ಎಂದು ನಿಜವಾಗಿ ನೋವಾಯಿತು. ಶಾಸನಗಳನ್ನೋ ಹಳಗನ್ನಡ ಕಾವ್ಯವನ್ನೋ ಎಣಿಸುವವರು 3294ನ್ನು ವ್ಯಂಜನದ ಸಾಲಿಗೆ ಸೇರಿಸಿಕೊಳ್ಳಿ.

ಎರಡನೆಯದು ಎಲ್ಲರಿಗೂ ಸಂಬಂಧಪಟ್ಟದ್ದು. ಬಸ್ ಎಂಬುದಕ್ಕೆ ಈ ನಿಯಮ ಎರಡು ಅಕ್ಷರ ಅನ್ನುತ್ತದೆ. ನಾನು ಒಪ್ಪುವುದಿಲ್ಲ. ಸ್ವರವಿಲ್ಲದೆ ಅಕ್ಷರ ನಿಲ್ಲದು. ಸ್ ಎಂಬುದು ಬ ಮೇಲೆ ಒರಗಿದೆ, ಅದನ್ನು ಗುರು ಮಾಡುತ್ತದೆ, ತಾನು ಲೆಕ್ಕಕ್ಕೆ ಬರುವುದಿಲ್ಲ. ಬಸ್ ಒಂದೇ ಅಕ್ಷರ. ಬಸ್ಸು ಎಂದು ನಾವು ಹೇಳಿದರೆ ಆಗ ಎರಡು.

ಮೊಳೆಜೋಡಣೆ

ಮೇಷ್ಟ್ರೇ, ತಮ್ಮ ಮಾತಿಗೆ ಎದುರಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಛಂದಸ್ಸಿಗೆ ಅದು ಸರಿ. ಆದರೆ ಟೀಚರ್ ಎಣಿಸುತ್ತಿರುವುದು ಕಾಗದದ ಮೇಲಿನ ಪದವನ್ನು. ಸ್ ಅನ್ನುವುದಕ್ಕೆ ಕಾಗದದಲ್ಲಿ ಜಾಗ ಬೇಕು, ಮಗುವಿನ ಕಣ್ಣು ಅಲ್ಲಿ ನಿಲ್ಲಬೇಕು, ಅದು ಬ ಥರದ್ದೇ ಇನ್ನೊಂದು ಆಕಾರ. ನನ್ನ ಓಟು ಎರಡಕ್ಕೆ.

ತುಂಗಾದಂಡೆ

ಇಬ್ಬರ ಲೆಕ್ಕವನ್ನೂ ಇಟ್ಟುಕೊಳ್ಳಬಹುದು. ಪದದ ಕೊನೆಯಲ್ಲಿ ಹಲಂತ ಇದ್ದರೆ ಒಂದು ಕಳೆಯಿರಿ, ಪದದ ನಡುವೆ ಹಲಂತದ ನಂತರ 8204 ಬಂದರೂ ಒಂದು ಕಳೆಯಿರಿ. ಅದು ಮೇಷ್ಟ್ರ ಲೆಕ್ಕ. ರಾಜ್‌ಕುಮಾರ್ ಬರಹದಲ್ಲಿ 5, ಉಚ್ಚಾರದಲ್ಲಿ 3. ಇಂಗ್ಲಿಷಿನಿಂದ ಬಂದ ಪದಗಳು ಹೆಚ್ಚಿರುವ ಪಠ್ಯದಲ್ಲಿ ಇವೆರಡರ ನಡುವಿನ ಅಂತರ ದೊಡ್ಡದಾಗಿ ಕಾಣುತ್ತದೆ. ಈಗಿನ ಕನ್ನಡದಲ್ಲಿ ಅಚ್ಚಗನ್ನಡ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುವುದರಿಂದ ಅಲ್ಲಿ ಎರಡೂ ಒಂದೇ.

ಗಮಕಾಸಕ್ತ

ಹೊಸಹಳ್ಳಿಯ ಹತ್ತಿರದವನು ನಾನು. ತುಂಗೆಯ ಈಚೆ ದಡದಲ್ಲಿ ಗಮಕ, ಅಂದರೆ ರಾಗವಾಗಿ ಕಾವ್ಯ ಓದುವುದನ್ನು, ಕೇಳುತ್ತ ಬೆಳೆದವನು. ಮೇಷ್ಟ್ರು ಗುರು ಅನ್ನುವ ಪದ ತಂದಿದ್ದರಿಂದ ಬರೆಯುತ್ತಿದ್ದೇನೆ.

ಗಮಕಿಗಳಿಗೆ ಪದದ ಉದ್ದ ಅಂದರೆ ಅಕ್ಷರವೂ ಅಲ್ಲ, ಮಾತ್ರೆ. ಲಘುವಿಗೆ ಒಂದು, ಗುರುವಿಗೆ ಎರಡು. ದೀರ್ಘಸ್ವರ ಇದ್ದರೆ ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು, ಮುಂದಿನದು ಒತ್ತಕ್ಷರವಾದರೆ ಹಿಂದಿನದು ಗುರು, ವ್ಯಂಜನ ಒರಗಿದರೂ ಗುರು. ಅಕ್ಕೋರು ಮೊದಲು ಕೇಳಿದ ಎರಡು ಊರುಗಳನ್ನೇ ತೆಗೆದುಕೊಳ್ಳಿ. ತೀರ್ಥಹಳ್ಳಿ: ತೀ ಎರಡು, ರ್ಥ ಒಂದು, ಮುಂದೆ ಒತ್ತಿರುವುದರಿಂದ ಹ ಎರಡು, ಳ್ಳಿ ಒಂದು. ಒಟ್ಟು ಆರು. ಶಿಕಾರಿಪುರ: ಶಿ ಒಂದು, ಕಾ ಎರಡು, ರಿ, ಪು, ರ ಒಂದೊಂದು. ಅದೂ ಆರು! ಯಂತ್ರ 10 ಮತ್ತು 9 ಅಂತು, ಮಕ್ಕಳು 4 ಮತ್ತು 5 ಅಂದರು, ಹಾಡುವವನಿಗೆ ಎರಡೂ ಸಮ. ಬಾಯಲ್ಲಿ ಹೇಳಿ ನೋಡಿ, ಹಿಡಿಯುವ ಹೊತ್ತು ಒಂದೇ ಅನ್ನಿಸುತ್ತದೆ. ನನಗಂತೂ ಇದು ಇವತ್ತೇ ಹೊಳೆದದ್ದು.

ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ 102 ಮಾತ್ರೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14, ಮೂರು ಮತ್ತು ಆರನೆಯ ಸಾಲಿಗೆ 23. ತುಂಗಾದಂಡೆಯವರ ನಿಯಮಕ್ಕೆ ಇನ್ನು ನಾಲ್ಕು ಸಾಲು ಸೇರಿಸಿದರೆ ಮಾತ್ರೆಯನ್ನೂ ಎಣಿಸಬಹುದು ಅನ್ನಿಸುತ್ತದೆ. ಹಾಗಾದರೆ ಟೈಪು ಮಾಡಿದ ಪದ್ಯದಲ್ಲಿ ಎಲ್ಲಿ ಅಕ್ಷರ ಬಿಟ್ಟುಹೋಗಿದೆ ಅಂತ ಅದೇ ಹೇಳೀತು, ಸಾಲಿಗೆ 13 ಬಂದರೆ ಏನೋ ತಪ್ಪಿದೆ ಅಂತ. ಎಷ್ಟು ಉಪಕಾರ ಆಗುತ್ತದೆ ಗೊತ್ತಾ! ಟೈಪಾದ ಕಾವ್ಯವನ್ನು ತಿದ್ದುವುದೇ ನಮಗೆಲ್ಲ ದೊಡ್ಡ ಕೆಲಸ.

ಐದನೇ ಸೆಮ್

ಮಾತ್ರೆ ಎಣಿಸುವುದನ್ನು ನಾನು ಬರೆಯುತ್ತೇನೆ ಸಾರ್, ಸೆಮಿಸ್ಟರ್ ಪರೀಕ್ಷೆ ಮುಗಿಯಲಿ.

ಪ್ರಾಜೆಕ್ಟ್‌ಗೆ ಓದುವಾಗ ಸಿಕ್ಕ ಒಂದು ವಿಷಯ. ಪದದ ಉದ್ದ ಎಣಿಸುವ ಹುಚ್ಚು ಕಂಪ್ಯೂಟರಿಗಿಂತ ಹಳೆಯದು. 1851ರಲ್ಲಿ ಅಗಸ್ಟಸ್ ಡಿ ಮಾರ್ಗನ್ ಅನ್ನುವ ಗಣಿತಜ್ಞ ಒಂದು ಪತ್ರದಲ್ಲಿ ಸೂಚಿಸಿದ್ದರು, ಬರೆದವರು ಯಾರು ಅಂತ ಪದಗಳ ಸರಾಸರಿ ಉದ್ದದಿಂದ ಹೇಳಬಹುದೇನೋ ಅಂತ. 1887ರಲ್ಲಿ ಅಮೆರಿಕದ ಭೌತವಿಜ್ಞಾನಿ ಮೆಂಡೆನ್‌ಹಾಲ್ ಅದನ್ನು ಮಾಡಿಯೇ ತೋರಿಸಿದರು. ಒಂದಕ್ಷರದ ಪದ ಎಷ್ಟು, ಎರಡಕ್ಷರದ್ದು ಎಷ್ಟು ಅಂತ ಎಣಿಸಿ ಗೆರೆ ಎಳೆದರೆ ಒಬ್ಬೊಬ್ಬ ಲೇಖಕನಿಗೂ ಒಂದೊಂದು ಆಕಾರದ ಗೆರೆ ಬರುತ್ತದೆ ಅನ್ನುವುದು ಅವರ ವಾದ. 1901ರಲ್ಲಿ ಶೇಕ್ಸ್‌ಪಿಯರ್ ಮತ್ತು ಅವರ ಕಾಲದ ಲೇಖಕ ಫ್ರಾನ್ಸಿಸ್ ಬೇಕನ್ ಇಬ್ಬರನ್ನು ಹೋಲಿಸಿದರು. ಲಕ್ಷಾಂತರ ಪದಗಳು, ಎಣಿಸಿದ್ದು ಇಬ್ಬರು ಹೆಂಗಸರು. ಶೇಕ್ಸ್‌ಪಿಯರ್‌ನಲ್ಲಿ ನಾಲ್ಕಕ್ಷರದ ಪದ ಹೆಚ್ಚು, ಬೇಕನ್‌ನಲ್ಲಿ ಮೂರಕ್ಷರದ್ದು ಅಂತ ಬಂತು. ಆದರೆ ಒಬ್ಬರದು ಪದ್ಯ, ಒಬ್ಬರದು ಗದ್ಯ. ಆ ವ್ಯತ್ಯಾಸಕ್ಕೆ ಅದೇ ಕಾರಣ ಇರಬಹುದು ಅಂತ 1975ರಲ್ಲಿ ವಿಲಿಯಮ್ಸ್ ಅನ್ನುವವರು ತೋರಿಸಿದರು. ಒಬ್ಬನೇ ಲೇಖಕನ ಗದ್ಯಕ್ಕೂ ಪದ್ಯಕ್ಕೂ ಅಂಥದ್ದೇ ಅಂತರ ಬರುತ್ತದಂತೆ.

ನಾನು ಇದನ್ನು ಕನ್ನಡ ವಿಕಿಸೋರ್ಸ್‌ನಲ್ಲಿರುವ ವಚನಗಳ ಮೇಲೂ ಹೊಸ ಗದ್ಯದ ಮೇಲೂ ಮಾಡಿ ನೋಡಬೇಕು ಅಂತಿದ್ದೇನೆ. ಈ ಸಲ ಅಕ್ಷರದ ಲೆಕ್ಕದಲ್ಲಿ.

ಹಳಗನ್ನಡ ಮೇಷ್ಟ್ರು

ತಮ್ಮಾ, ಮಾಡು, ಖಂಡಿತ ಮಾಡು. ಆದರೆ ಅದಕ್ಕೆ ಮುಂಚೆ ಪದ ಎಂದರೆ ಏನು ಎಂದು ನಿರ್ಧರಿಸಿಕೋ. ನಿನ್ನ ಯಂತ್ರ ಎರಡು ಖಾಲಿ ಜಾಗಗಳ ನಡುವಿನದೆಲ್ಲ ಪದ ಎನ್ನುತ್ತದೆ. ಕನ್ನಡದಲ್ಲಿ ಖಾಲಿ ಜಾಗ ಬಿಡುವುದು ಬರೆಯುವವನ ಅಭ್ಯಾಸ. ಒಬ್ಬರು ಮಾಡಿಕೊಂಡು ಎಂದು ಕೂಡಿಸಿ ಬರೆಯುತ್ತಾರೆ, ಇನ್ನೊಬ್ಬರು ಮಾಡಿ ಕೊಂಡು ಎಂದು ಬಿಡಿಸುತ್ತಾರೆ. ಹೋಗಬೇಕಾಗುತ್ತದೆ ಎಂಬುದು ಏಳು ಅಕ್ಷರದ ಒಂದು ಪದ, ಬಿಡಿಸಿದರೆ ಹೋಗಬೇಕು, ಆಗುತ್ತದೆ. ನಮ್ಮ ಕಡೆ ಮಾತಿನಲ್ಲಿ ಹೋಗ್ಬೇಕಾಗತ್ತೆ ಎನ್ನುತ್ತೇವೆ, ಐದೇ ಅಕ್ಷರ. ಅರ್ಥ ಒಂದೇ. ವಿಭಕ್ತಿ ಪ್ರತ್ಯಯಗಳೆಲ್ಲ ನಮ್ಮಲ್ಲಿ ಪದಕ್ಕೇ ಅಂಟುತ್ತವೆ, ಇಂಗ್ಲಿಷಿನಲ್ಲಿ ಮೂರು ಪದ ಬೇಕಾದಲ್ಲಿ ನಮಗೆ ಮನೆಯಲ್ಲಿ ಎಂಬ ಒಂದೇ ಪದ ಸಾಕು. ಹಾಗಾಗಿ ಇಂಗ್ಲಿಷಿನ ಗೆರೆಯ ಪಕ್ಕದಲ್ಲಿ ಕನ್ನಡದ ಗೆರೆಯನ್ನು ಇಟ್ಟು ಹೋಲಿಸಬೇಡ. ಅದೇ ಮುದ್ರಕರು ಅಚ್ಚು ಹಾಕಿದ, ಅದೇ ಕಾಲದ ಎರಡು ಕನ್ನಡ ಬರಹಗಳನ್ನು ಹೋಲಿಸಿದರೆ ಸ್ವಲ್ಪ ನಂಬಬಹುದು. ವಚನಗಳನ್ನಾದರೆ ಸಂಪಾದಕರು ಪದ ಬಿಡಿಸಿದ ರೀತಿಯನ್ನೇ ನೀನು ಎಣಿಸುತ್ತಿರುತ್ತೀಯೆ, ಬರೆದವರದ್ದನ್ನಲ್ಲ.

ಮಲೆನಾಡ ಟೀಚರ್

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮಳೆಗೆ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ಪ್ರೋಗ್ರಾಂ ಪೂರ್ತಿ ಮಾಡಿದೆ. ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ, ನಾನು ಅಂದುಕೊಂಡಿದ್ದು ಅದಾಗಿರಲಿಲ್ಲ.

ಒಂದು ಕಾರ್ಡು ಹೀಗಿದೆ: ಬೆಳಿಗ್ಗೆ ಮಂಜು ಬಿದ್ದಿತ್ತು. ಅಜ್ಜ ಕೊಟ್ಟಿಗೆಗೆ ಹೋದ. ಹಸು ಕೂಗಿತು. ಅಜ್ಜಿ ಹಾಲು ಕರೆದಳು.

ಹನ್ನೊಂದು ಪದ, 29 ಅಕ್ಷರ. ಎರಡಕ್ಷರದ ಪದ ಆರು, ಮೂರಕ್ಷರದ್ದು ಮೂರು, ನಾಲ್ಕಕ್ಷರದ್ದು ಎರಡು. ಲೆನ್ ಲೆಕ್ಕದಲ್ಲಿ 63. ನಕ್ಷತ್ರ ಚಿಹ್ನೆಗಳನ್ನು ಸಾಲಾಗಿ ಮುದ್ರಿಸಿ ಚಿತ್ರವನ್ನೂ ಮಾಡಿದೆ, ಮಕ್ಕಳಿಗೆ ತೋರಿಸಿದರೆ ಅಡಿಕೆ ಗೊನೆ ಥರ ಇದೆ ಅಂದವು.

ಅಕ್ಷರದ ಲೆಕ್ಕದ ಪ್ರಕಾರ ಕಷ್ಟದ ಪದಗಳು ಕೊಟ್ಟಿಗೆಗೆ ಮತ್ತು ಕರೆದಳು ಆಗಬೇಕಿತ್ತು, ಎರಡೂ ನಾಲ್ಕಕ್ಷರ. ಎರಡನೇ ತರಗತಿಯ ಒಬ್ಬಳು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಕರೆದಳು ಅನ್ನುವುದನ್ನು ನಿಲ್ಲದೆ ಓದಿದಳು. ನಿಂತದ್ದು ಬಿದ್ದಿತ್ತು ಅನ್ನುವಲ್ಲಿ. ಬಿ ಅಂದಳು, ದಿ ಅಂದಳು, ಮತ್ತೆ ಹಿಂದೆ ಹೋದಳು. ಅದು ಮೂರೇ ಅಕ್ಷರ, ಆದರೆ ಎರಡು ಒತ್ತು ಇವೆ. ಆವಾಗ ನನಗೆ ಮೊಳೆಜೋಡಣೆಯವರ ತಂದೆಯ ಮಾತು ನೆನಪಾಯಿತು, ಒತ್ತು ಅಂದರೆ ಎರಡು ಸಲದ ಕೈಚಾಚು ಅಂತ. ಮಗುವಿಗೂ ಅಷ್ಟೇ. ಯಂತ್ರ ಮೊದಲ ದಿನ ಕೊಟ್ಟ ಸಂಖ್ಯೆಯನ್ನು ತಪ್ಪು ಅಂತ ಬಿಸಾಡಿದ್ದೆ, ಅದರಲ್ಲಿ ಬಿದ್ದಿತ್ತು ಪದಕ್ಕೆ 10, ಕರೆದಳು ಪದಕ್ಕೆ 6 ಇತ್ತು. ಓದುವ ಕಷ್ಟಕ್ಕೆ ಅದು ಹತ್ತಿರವೇ ಇತ್ತು.

ಹಾಗಾಗಿ ಈಗ ಎರಡು ಕಾಲಂ ಇಟ್ಟಿದ್ದೇನೆ, ಅಕ್ಷರ ಎಷ್ಟು, ಒತ್ತು ಎಷ್ಟು. ತುಂಗಾದಂಡೆಯವರು ಒತ್ತನ್ನೂ ಎಣಿಸುವಂತೆ ಮೊದಲೇ ಬರೆದುಕೊಟ್ಟಿದ್ದು ಒಳ್ಳೆಯದಾಯಿತು. ಒತ್ತು ಇಲ್ಲದ ಕಾರ್ಡು ಮೊದಲು, ಒಂದೊಂದು ಒತ್ತಿನ ಪದಗಳು ಇರುವುದು ಆಮೇಲೆ, ಒಂದೇ ಪದದಲ್ಲಿ ಎರಡು ಒತ್ತು ಇರುವುದು ಕೊನೆಗೆ. ಅದರೊಳಗೆ ಅಕ್ಷರದ ಕ್ರಮ. ನಲಿಕಲಿಯ ಕ್ರಮದಲ್ಲಿ ರ, ಗ, ಸ, ದ, ಅ ಕಲಿತು ಮುಂದೆ ಬರುವ ಮಕ್ಕಳಿಗೆ ಈ ಸಾಲು ಹೊಂದುತ್ತದೆ. ಬಸ್ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಮೇಷ್ಟ್ರ ಲೆಕ್ಕಕ್ಕೆ ಮೂರನೆಯ ಕಾಲಂ ಇಟ್ಟಿದ್ದೇನೆ.

ಒಂದು ತೊಡಕು ಉಳಿದಿದೆ. ಅಜ್ಜ, ಅಜ್ಜಿ ಎರಡರಲ್ಲೂ ಒತ್ತು ಇದೆ, ಆದರೆ ಯಾವ ಮಗುವೂ ಅಲ್ಲಿ ನಿಲ್ಲುವುದಿಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ ಕೂಡ ಹಾಗೆಯೇ. ಅಕ್ಷರ ಕೂಡಿಸಿ ಓದುವುದಲ್ಲ, ನೋಡಿದ ಕೂಡಲೇ ಗುರುತು ಹಿಡಿಯುತ್ತವೆ. ಇದನ್ನು ಎಣಿಸಿ ತಿಳಿಯಲು ಆಗುವುದಿಲ್ಲ. ಹಾಗಾಗಿ ಪರಿಚಯದ ಪದಗಳು ಅಂತ ಬೇರೆ ಫೈಲು ಮಾಡಿದ್ದೇನೆ, ಅದರಲ್ಲಿರುವ ಪದ ಬಂದರೆ ಒತ್ತಿನ ಲೆಕ್ಕ ಬಿಟ್ಟುಬಿಡುತ್ತದೆ. ಮಲೆನಾಡಿನ ಮಗುವಿಗೆ ಬಾಯಲ್ಲೇ ಇರುವ ಒತ್ತಕ್ಷರದ ಪದಗಳು ಯಾವ್ಯಾವುವು, ಪಟ್ಟಿ ಉದ್ದ ಮಾಡಲು ನೀವೆಲ್ಲ ಕೈಜೋಡಿಸಬೇಕು.

ಮೊಳೆಜೋಡಣೆ

ಗದ್ದೆ, ಹಳ್ಳ, ಎಮ್ಮೆ, ಬೆಕ್ಕು, ಬೆಲ್ಲ, ತುಪ್ಪ, ಹಪ್ಪಳ, ಕಟ್ಟೆ. ನಮ್ಮ ಮನೆಯ ಮಗುವನ್ನು ಕೇಳಿ ಇನ್ನಷ್ಟು ಹಾಕುತ್ತೇನೆ.

ಗಮಕಾಸಕ್ತ

ಅಕ್ಕಿ ರೊಟ್ಟಿ, ಕಡುಬಿನ ಚಟ್ನಿ, ಮುರುಗಲು ಸಿಪ್ಪೆ. ಮಳೆಗಾಲದ ಮಗುವಿಗೆ ಇಂಬಳ (ಜಿಗಣೆ) ಕಚ್ಚಿತು ಅನ್ನುವುದೂ ಗೊತ್ತು, ಕಚ್ಚಿತು ಸೇರಿಸಿ.

ಮಲೆನಾಡ ಟೀಚರ್

ಕಚ್ಚಿತು ಸೇರಿಸಿದೆ. ನಾಳೆಯೇ ಅದರದ್ದೊಂದು ಕಾರ್ಡು ಬರೆಯುತ್ತೇನೆ.